ಹುಡುಗ ಬಿಟ್ಟರೆ ದ್ರೋಹ, ಕೋಚ್ ಬಿಟ್ಟರೆ ಪ್ರಮೋಷನ್ನಾ?

ಓಹಾಯೋದ ಕೊಲಂಬಸ್‌ನಿಂದ ಪತ್ರ ಬರೆದ ಓದುಗ ಮಿತ್ರರೇ,

ನಮಸ್ಕಾರ. ನಿಮ್ಮ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗೆ ಅದರ ತಿರುಳು ಹೇಳಿ ಮುಂದಕ್ಕೆ ಹೋಗುತ್ತೇನೆ. ನೀವು ದಾವಣಗೆರೆಯಿಂದ ಎಂ.ಎಸ್. ಓದಲು ಓಹಾಯೋ ಸ್ಟೇಟ್‌ಗೆ ಹೋದವರು. ಅಲ್ಲೇ ನೆಲೆ ನಿಂತಿರಿ, ಅಲ್ಲಿನ ಕಾಲೇಜು ಫುಟ್‌ಬಾಲ್ ಹುಚ್ಚನ್ನೂ ಹಚ್ಚಿಕೊಂಡಿರಿ. ಈಗ ನಿಮಗೆ ಸಿಟ್ಟು ಬಂದಿದೆ. "ಅಂಗಿ ಮೇಲಿನ ಹೆಸರು ಬಾಯಿಪಾಠ ಆಗುವಷ್ಟರಲ್ಲಿ ಹುಡುಗ ಇನ್ನೊಂದು ಕಾಲೇಜಿನಲ್ಲಿರುತ್ತಾನೆ" ಅನ್ನುತ್ತೀರಿ. ಡ್ರಾಫ್ಟ್ (ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದು) ಹತ್ತಿರ ಬಂತು ಅಂತ ಸೀಸನ್ನಿನ ಕೊನೆಯ ಬೌಲ್ ಪಂದ್ಯಕ್ಕೆ ಕೈ ಕೊಡುತ್ತಾರೆ ಅನ್ನುತ್ತೀರಿ. 2025ರ ಸೀಸನ್ನಿನ ಚಾಂಪಿಯನ್ ಇಂಡಿಯಾನಾ ಗೆದ್ದದ್ದು ದುಡ್ಡಿಗೆ ಕೊಂಡ ಕಪ್ ಅನ್ನುತ್ತೀರಿ. ಕೊನೆಗೆ, ಸೀಸನ್ ಟಿಕೆಟ್ ಬಿಟ್ಟುಬಿಡಲೇ ಅಂತ ನನ್ನನ್ನು ಕೇಳಿದ್ದೀರಿ.

(ಇಲ್ಲಿನ ಓದುಗರಿಗೆ ಒಂದು ಮಾತು: ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು, ಡಿಕ್ಕಿ ಹೊಡೆದುಕೊಂಡು ಓಡುವ ಅಮೆರಿಕದ ಆಟ.)

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನೂ ಈ ಆಟದ ಅಭಿಮಾನಿಯೇ. ಆದರೆ ಸಿಟ್ಟು ತಪ್ಪು ಮನೆಯ ಬಾಗಿಲು ಬಡಿಯುತ್ತಿದೆ ಅನ್ನಿಸುತ್ತದೆ.

ನಿಮ್ಮ ತಂಡದಿಂದಲೇ ಶುರು ಮಾಡೋಣ. 2025ರ ಜನವರಿ 20ರಂದು ಓಹಾಯೋ ಸ್ಟೇಟ್ ನಾತ್ರ ಡೇಮ್ ತಂಡವನ್ನು 34–23ರಿಂದ ಸೋಲಿಸಿ ಚಾಂಪಿಯನ್ ಆಯಿತಲ್ಲ, ಆವತ್ತಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ವಿಲ್ ಹಾವರ್ಡ್ ಎಲ್ಲಿಂದ ಬಂದವನು? ಕ್ಯಾನ್ಸಸ್ ಸ್ಟೇಟ್‌ನಿಂದ. ಫೈನಲ್‌ನಲ್ಲಿ ಮೂರು ಟಚ್‌ಡೌನ್ ಹೊಡೆದ, ಅಂದರೆ ಮೂರು ಸಲ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದ ಕ್ವಿನ್ಷಾನ್ ಜಡ್ಕಿನ್ಸ್ ಓಲ್ ಮಿಸ್‌ನಿಂದ (ಮಿಸಿಸಿಪ್ಪಿ ಯೂನಿವರ್ಸಿಟಿ). ಡಿಫೆನ್ಸ್ ಕಾಯ್ದ ಕೇಲೆಬ್ ಡೌನ್ಸ್ ಅಲಬಾಮಾದಿಂದ. ಆ ತಂಡಕ್ಕೆ ಸುಮಾರು 2 ಕೋಟಿ ಡಾಲರ್ ಖರ್ಚಾಗಿದೆ ಅಂತ ನಿಮ್ಮ ಯೂನಿವರ್ಸಿಟಿಯ ಕ್ರೀಡಾ ನಿರ್ದೇಶಕರೇ ಹೇಳಿದ್ದರು. ಆ ರಾತ್ರಿ ನೀವು ಕಪ್ ವಾಪಸ್ ಕೊಡಿ ಅಂತ ಪತ್ರ ಬರೆದ ನೆನಪು ನನಗಿಲ್ಲ! ನೀವು ಹೊಗಳಿರುವ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸಾಯಿನ್ ಕೂಡ ಮೊದಲು ಸೇರಿದ್ದು ಅಲಬಾಮಾಕ್ಕೆ. 2024ರ ಜನವರಿಯಲ್ಲಿ ಅಲ್ಲಿನ ಕೋಚ್ ನಿಕ್ ಸೇಬನ್ ನಿವೃತ್ತರಾದರು, ಹುಡುಗ ಪೆಟ್ಟಿಗೆ ಕಟ್ಟಿಕೊಂಡು ನಿಮ್ಮೂರಿಗೆ ಬಂದ.

ಹೋದವರ ಲೆಕ್ಕವೂ ಇದೆ. ಕ್ವಾರ್ಟರ್‌ಬ್ಯಾಕ್ ಜೋ ಬರೋ ನಿಮ್ಮಲ್ಲಿ ಬೆಂಚ್ ಕಾಯ್ದ, ಡಿಗ್ರಿ ಮುಗಿಸಿದ, 2018ರಲ್ಲಿ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್) ಹೋದ. 2019ರಲ್ಲಿ 60 ಟಚ್‌ಡೌನ್ ಪಾಸ್ ಎಸೆದು, 15ಕ್ಕೆ 15 ಪಂದ್ಯ ಗೆಲ್ಲಿಸಿ, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೀಸ್ಮನ್ ಟ್ರೋಫಿ ತೆಗೆದುಕೊಂಡ. 2020ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅವನೇ. ಅವನು ಕೊಲಂಬಸ್‌ನಲ್ಲೇ ಕೂತಿದ್ದರೆ ಏನಾಗುತ್ತಿತ್ತು ಹೇಳಿ. ಅವನನ್ನು ದ್ರೋಹಿ ಅಂತ ನೀವೂ ಕರೆಯಲ್ಲ, ಅಲ್ವಾ? ಕೈಲ್ ಮೆಕಾರ್ಡ್ ವಿಷಯದಲ್ಲಿ ಮಾತ್ರ ನಿಮ್ಮ ಭಾಷೆ ಬದಲಾಗುತ್ತದೆ. ಅವನು 2023ರಲ್ಲಿ ನಿಮ್ಮ ಬದ್ಧವೈರಿ ಮಿಷಿಗನ್ ಎದುರು ಸೋತ, ಅದೇ ಅವನ ದೊಡ್ಡ ಪಾಪ. ಊರಿಗೆ ಊರೇ ಬೈದ ಮೇಲೆ ಸಿರಾಕ್ಯೂಸ್‌ಗೆ ಹೋಗಿ, ಮರುವರ್ಷ ಪಾಸ್ ಯಾರ್ಡ್‌ಗಳಲ್ಲಿ ದೇಶಕ್ಕೇ ಮೊದಲಿಗನಾದ.

ಮೊದಲು ಹೇಗಿತ್ತು ಅನ್ನುವುದನ್ನು ನೀವು ಮರೆತಂತಿದೆ. ಕಾಲೇಜು ಬದಲಿಸಿದ ಹುಡುಗ ಒಂದು ವರ್ಷ ಆಡದೆ ಸುಮ್ನೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದರೆ ಕಾಲೇಜು ಬದಲಿಸಬೇಕೆನ್ನುವವರು ಹೆಸರು ಕೊಡುವ ಆನ್‌ಲೈನ್ ಪಟ್ಟಿ. 2021ರಲ್ಲಿ, ಒಂದು ಸಲಕ್ಕೆ ಮಾತ್ರ, ಹಾಗೆ ಕೂರುವ ಶಿಕ್ಷೆ ತೆಗೆದರು. 2024ರಲ್ಲಿ ಅದೂ ಸಡಿಲವಾಯಿತು. ಓದಿನಲ್ಲಿ ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತಾಯಿತು. ದುಡ್ಡಿನ ಕಥೆ ಇನ್ನೂ ವಿಚಿತ್ರ. 2010ರ ಡಿಸೆಂಬರ್‌ನಲ್ಲಿ ನಿಮ್ಮದೇ ತಂಡದ ಐವರಿಗೆ ಐದೈದು ಪಂದ್ಯಗಳ ನಿಷೇಧ ಬಿತ್ತು. ಮಾಡಿದ ಅಪರಾಧ ಏನು? ಗೆದ್ದು ತಂದ ಉಂಗುರ ಮಾರಿಕೊಂಡರು. ಮಿಷಿಗನ್ನನ್ನು ಸೋಲಿಸಿದಾಗ ಕೊಡುತ್ತಾರಲ್ಲ, ಚಡ್ಡಿಯ ಆಕಾರದ ಪುಟ್ಟ ಚಿನ್ನದ ಬಿಲ್ಲೆ, ಅದನ್ನೂ ಮಾರಿಕೊಂಡರು. ಅಂಗಡಿಯಲ್ಲಿ ಅಗ್ಗದ ದರಕ್ಕೆ ಹಚ್ಚೆ ಹಾಕಿಸಿಕೊಂಡರು. ಇದು ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ಕೋಚ್ ಜಿಮ್ ಟ್ರೆಸೆಲ್ 2011ರಲ್ಲಿ ರಾಜೀನಾಮೆ ಕೊಡಬೇಕಾಯಿತು. 2012ರಲ್ಲಿ ಆಡಿದ 12 ಪಂದ್ಯವನ್ನೂ ಗೆದ್ದ ತಂಡಕ್ಕೆ ಬೌಲ್ ಆಡಲು ಬಿಡಲಿಲ್ಲ. ಆ ಸ್ಟೇಡಿಯಂನಲ್ಲಿ ಲಕ್ಷ ಜನ ಟಿಕೆಟ್ ಕೊಟ್ಟು ಕೂರುತ್ತಿದ್ದರು. ಅದೇ ನಂಬರಿನ ಅಂಗಿ ಅಂಗಡಿಯಲ್ಲಿ ಮಾರಾಟಕ್ಕಿತ್ತು. ಹುಡುಗ ತನ್ನ ಉಂಗುರ ಮಾರಿದರೆ ಮಾತ್ರ ಧರ್ಮ ಕೆಟ್ಟುಹೋಗುತ್ತಿತ್ತು.

2021ರ ಜುಲೈ 1ರಿಂದ ಆಟಗಾರ ತನ್ನ ಹೆಸರು, ಮುಖ ಇಟ್ಟುಕೊಂಡು ಜಾಹೀರಾತಿನಿಂದ ದುಡಿಯಬಹುದು ಅಂತಾಯಿತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ನೇರವಾಗಿ ಹಣ ಹಂಚಬಹುದು, ಮೊದಲ ವರ್ಷಕ್ಕೆ ಒಂದೊಂದು ಕಾಲೇಜು ಸುಮಾರು 2.05 ಕೋಟಿ ಡಾಲರ್ ತನಕ. ಅದರಲ್ಲಿ ಜಾಸ್ತಿ ಪಾಲು ಫುಟ್‌ಬಾಲ್‌ಗೇ ಹೋಗುತ್ತದೆ. ಈಜು, ಕುಸ್ತಿ ಆಡುವ ಮಕ್ಕಳ ಗತಿ ಏನು ಅನ್ನುವುದು ನನಗಿರುವ ಬೇರೆಯದೇ ಚಿಂತೆ. ಅದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.

ಕೋಚ್‌ಗಳು? ಅವರಿಗೆ ಯಾವತ್ತೂ ಇಂಥ ಕಟ್ಟುಪಾಡು ಇರಲಿಲ್ಲ. 2025ರ ನವೆಂಬರ್ 30ರಂದು ಲೇನ್ ಕಿಫಿನ್ ಓಲ್ ಮಿಸ್ ಬಿಟ್ಟು ಎಲ್‌ಎಸ್‌ಯುಗೆ ಹೋದರು, ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್ ಸಂಬಳಕ್ಕೆ. ಆಗ ಓಲ್ ಮಿಸ್ 11 ಗೆದ್ದು ಒಂದೇ ಸೋತು ಪ್ಲೇಆಫ್ ಬಾಗಿಲಲ್ಲಿ ನಿಂತಿತ್ತು. ತಂಡ ಕಟ್ಟಿದವರೇ ದೊಡ್ಡ ಪರೀಕ್ಷೆಯ ಹಿಂದಿನ ದಿನ ಎದ್ದು ಹೋದ ಹಾಗೆ. ಹುಡುಗರು ಹೊಸ ಕೋಚ್ ಪೀಟ್ ಗೋಲ್ಡಿಂಗ್ ಜೊತೆ ಆಡಿ, ಜಾರ್ಜಿಯಾವನ್ನು ಸೋಲಿಸಿ, ಸೆಮಿಫೈನಲ್ ತನಕ ಹೋದರು. ಅಲ್ಲಿ ಮಿಯಾಮಿ ಎದುರು 31–27ರಲ್ಲಿ ಸೋತರು. ನಿಮ್ಮ ಪತ್ರ ನಾಲ್ಕು ಪುಟ ಇದೆ. ನಿಷ್ಠೆ ಅನ್ನುವ ಮಾತು ಪುಟಪುಟದಲ್ಲೂ ಇದೆ. ಕಿಫಿನ್ ಹೆಸರು ಒಂದು ಕಡೆಯೂ ಇಲ್ಲ.

ಬೌಲ್ ಬಿಡುವ ಹುಡುಗರ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಮಗೆ ಜೈಲನ್ ಸ್ಮಿತ್ ನೆನಪಿರಲೇಬೇಕು, ಯಾಕೆಂದರೆ ಎದುರಿಗಿದ್ದದ್ದು ನಿಮ್ಮ ತಂಡ. 2016ರ ಜನವರಿ 1, ಫಿಯೆಸ್ಟಾ ಬೌಲ್. ನಾತ್ರ ಡೇಮ್‌ನ ಸ್ಮಿತ್ ಡ್ರಾಫ್ಟ್‌ನಲ್ಲಿ ಮೊದಲ ಐದರೊಳಗೆ ಹೋಗುತ್ತಾನೆ ಅನ್ನುವ ಮಾತಿತ್ತು. ಮೊದಲ ಕ್ವಾರ್ಟರ್‌ನಲ್ಲೇ ಒಂದು ತಳ್ಳು, ಎಡಮಂಡಿಯ ಅಸ್ಥಿರಜ್ಜುಗಳು (ಲಿಗಮೆಂಟ್) ಹರಿದವು, ನರಕ್ಕೂ ಪೆಟ್ಟಾಯಿತು. ಡ್ರಾಫ್ಟ್‌ನಲ್ಲಿ 34ನೆಯವನಾಗಿ ಹೋದ, ಆ ವರ್ಷ ಇಡೀ ಆಡಲಿಲ್ಲ. ಮೇಲಿಂದ ಕೆಳಕ್ಕೆ ಬಂದ ಒಂದೊಂದು ಸ್ಥಾನಕ್ಕೂ ಲಕ್ಷಗಟ್ಟಲೆ ಡಾಲರ್. ಹೈಸ್ಕೂಲ್ ಮುಗಿದು ಮೂರು ವರ್ಷ ಆಗದೆ ಎನ್‌ಎಫ್‌ಎಲ್ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಅಂದರೆ ಆ ಮೂರು ವರ್ಷ ಮೈಯನ್ನು ಪುಕ್ಕಟೆ ಒತ್ತೆಯಿಟ್ಟ ಹುಡುಗ, ಕೈಗೆ ಬಂದ ತುತ್ತು ಬಾಯಿಗೆ ಬರುವ ಹೊತ್ತಿಗೆ ಮಂಡಿ ಕಳೆದುಕೊಂಡ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ರಿಶ್ಚಿಯನ್ ಮೆಕಾಫ್ರಿ, ಲೆನರ್ಡ್ ಫೋರ್ನೆಟ್ ಇಬ್ಬರೂ ನಾವು ಬೌಲ್ ಆಡಲ್ಲ ಅಂದರು. ಜನ ಬೈದರು. ಮೆಕಾಫ್ರಿ ಎಂಟನೆಯವನಾಗಿ ಆಯ್ಕೆಯಾದ. ಅವನ ಮುಂದಿನ ಆಟ ನೋಡಿದವರು ಯಾರೂ ಅವನನ್ನು ಪುಕ್ಕಲ ಅನ್ನಲ್ಲ.

ಇದರ ಇನ್ನೊಂದು ಮಗ್ಗುಲನ್ನು ನೀವು ಕಣ್ಣಾರೆ ಕಂಡಿದ್ದೀರಿ. 2022ರ ಜನವರಿ 1ರ ರೋಸ್ ಬೌಲ್. ಗ್ಯಾರೆಟ್ ವಿಲ್ಸನ್, ಕ್ರಿಸ್ ಒಲಾವೆ ಇಬ್ಬರೂ ಆಡಲ್ಲ ಅಂದಾಗ ನೀವು ತಲೆ ಚಚ್ಚಿಕೊಂಡಿರಿ ಅಂತ ಬರೆದಿದ್ದೀರಿ. ಅವರು ಬಿಟ್ಟ ಜಾಗದಲ್ಲಿ ಚೆಂಡೆಲ್ಲ ಯಾರ ಕೈಗೆ ಹೋಯಿತು? ಜ್ಯಾಕ್ಸನ್ ಸ್ಮಿತ್‌–ಎನ್‌ಜಿಗ್ಬ. 15 ಕ್ಯಾಚ್, 347 ಯಾರ್ಡ್, ಮೂರು ಟಚ್‌ಡೌನ್. ಯೂಟಾ ಎದುರು 48–45. ಆ ಇಬ್ಬರು ಕೂತದ್ದಕ್ಕೇ ಇವನನ್ನು ದೇಶ ಕಣ್ಣರಳಿಸಿ ನೋಡಿತು. ಮರುವರ್ಷ ಇದೇ ಹುಡುಗ ತೊಡೆಯ ನೋವಿನಿಂದ ಮೂರೇ ಪಂದ್ಯ ಆಡಲು ಸಾಧ್ಯವಾದಾಗ, ಬೇಕಂತಲೇ ಕೂತಿದ್ದಾನೆ ಅಂತ ಗುಸುಗುಸು ಎದ್ದಿತು. ಅಭಿಮಾನಿಗಳಾದ ನಮ್ಮ ನೆನಪು ಇಷ್ಟೇ ನೋಡಿ.

ಇನ್ನು ಇಂಡಿಯಾನಾ. ನಿಮ್ಮ ಹೊಟ್ಟೆಯುರಿಯ ಕಾರಣ ಗೊತ್ತು: 2025ರ ಡಿಸೆಂಬರ್ 6ರಂದು, ನೀವಿಬ್ಬರೂ ಆಡುವ ಬಿಗ್ ಟೆನ್ ಲೀಗಿನ ಫೈನಲ್‌ನಲ್ಲಿ ಅವರು ನಿಮ್ಮನ್ನು 13–10ರಿಂದ ಸೋಲಿಸಿದರು. ಆದರೆ ಕೊಂಡ ಕಪ್ ಅನ್ನುವುದನ್ನು ನಾನು ಒಪ್ಪಲ್ಲ. ಕೊಳ್ಳುವ ಶಕ್ತಿ ಅವರಿಗಿಂತ ನಿಮಗೇ ಜಾಸ್ತಿ. ಇಂಡಿಯಾನಾ ಅಂದರೆ ತಲೆಮಾರುಗಳಿಂದ ಸೋಲುವುದಕ್ಕೇ ಹೆಸರಾದ ತಂಡ. 2023ರ ಕೊನೆಗೆ ಕರ್ಟ್ ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್ ಬಿಟ್ಟು ಅಲ್ಲಿಗೆ ಬಂದರು. ಬರುವಾಗ ಅಲ್ಲಿನ ಹುಡುಗರಲ್ಲಿ ಒಂದಷ್ಟು ಜನರನ್ನು ಕರೆದುಕೊಂಡೇ ಬಂದರು. ದೊಡ್ಡ ಕಾಲೇಜುಗಳು ಹೈಸ್ಕೂಲ್‌ನಲ್ಲಿ ತಿರುಗಿಯೂ ನೋಡದ ಹುಡುಗರು ಅವರು. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಸ ಕೂಡ ಹಾಗೇ. ಮಿಯಾಮಿಯ ಕ್ಯೂಬನ್ ಮನೆತನದ ಹುಡುಗ, ಮೊದಲು ಒಪ್ಪಿಕೊಂಡದ್ದು ಯೇಲ್‌ಗೆ, ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿ, ಅಲ್ಲಿಂದ ಇಂಡಿಯಾನಾ. ಅದೇ ತಂಡದಲ್ಲಿ ಅವನ ತಮ್ಮನೂ ಇದ್ದ.

2026ರ ಜನವರಿ 19ರ ಫೈನಲ್, ನಮಗಿಲ್ಲಿ ಮಂಗಳವಾರ ಬೆಳಿಗ್ಗೆ. ಕೊನೆಯ ಕ್ವಾರ್ಟರ್, ಇಂಡಿಯಾನಾ 17, ಮಿಯಾಮಿ 14. ನಾಲ್ಕನೇ ಡೌನ್, ಅಂದರೆ ಚೆಂಡು ಕೈಬಿಡುವ ಮೊದಲಿನ ಕೊನೆಯ ಯತ್ನ, ಇನ್ನೂ ನಾಲ್ಕು ಯಾರ್ಡ್ ಬೇಕು. ಒದ್ದು ಮೂರು ಪಾಯಿಂಟ್ ತೆಗೆದುಕೊಂಡು ಸುಮ್ಮನಾಗಬಹುದಿತ್ತು. ಸಿಗ್ನೆಟ್ಟಿ ಒದೆಯುವವರನ್ನು ವಾಪಸ್ ಕರೆದು ಮೆಂಡೋಸನನ್ನೇ ಕಳಿಸಿದರು. ಅವನು ಅಂಥ ಓಟಗಾರನೇನಲ್ಲ. ಎಸೆಯುವವನಂತೆ ನಿಂತು, ನಡುವೆ ನುಗ್ಗಿ, ಇಬ್ಬರು ಮೂವರು ಗುದ್ದಿದರೂ ತೂರಾಡಿಕೊಂಡು ಹೋಗಿ, ಕೊನೆಗೆ ಗಾಳಿಯಲ್ಲಿ ಮೈ ಚಾಚಿ ಚೆಂಡನ್ನು ಗೆರೆ ದಾಟಿಸಿದ. 12 ಯಾರ್ಡ್. ಕೊನೆಗೆ 27–21, ಆಡಿದ 16ಕ್ಕೆ 16 ಗೆಲುವು. ಆ ಓಟಕ್ಕೆ ರಶೀದಿ ಯಾರು ಹರಿಯುತ್ತಾರೆ ಸ್ವಾಮಿ? ಆಮೇಲೆ ಅವನು ಡ್ರಾಫ್ಟ್‌ಗೆ ಹೆಸರು ಕೊಟ್ಟ. ಒಂದೇ ವರ್ಷ ಇದ್ದ ಹುಡುಗ. ಆದರೂ ಇಂಡಿಯಾನಾದವರು ಅವನನ್ನು ತಮ್ಮ ಮಗ ಅಂತಲೇ ಹೇಳಿಕೊಳ್ಳುತ್ತಾರೆ.

ಹಾಗಂತ ಎಲ್ಲದಕ್ಕೂ ನಾನು ಹುಡುಗರ ವಕೀಲನಲ್ಲ. 2026ರ ಜನವರಿಯಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯ ಡೆಮಂಡ್ ವಿಲಿಯಮ್ಸ್ ಮುಂದಿನ ವರ್ಷವೂ ಇರುತ್ತೇನೆ ಅಂತ ಸಹಿ ಹಾಕಿ, ಕೆಲವೇ ದಿನಗಳಲ್ಲಿ ಹೋಗುತ್ತೇನೆ ಅಂದ. ಯೂನಿವರ್ಸಿಟಿ ಕಾನೂನಿನ ಮಾತೆತ್ತಿದ ಮೇಲೆ ಇಲ್ಲ, ಇಲ್ಲೇ ಇರುತ್ತೇನೆ ಅಂದ. ಸಹಿ ಅಂದರೆ ಸಹಿ. ಇಲ್ಲಿ ನಾನು ನಿಮ್ಮ ಪಕ್ಷ. 2024ರಲ್ಲಿ ಲಾಸ್ ವೇಗಸ್‌ನ ಕಾಲೇಜು ಯುಎನ್‌ಎಲ್‌ವಿಯ ಮ್ಯಾಥ್ಯೂ ಸ್ಲೂಕಾ ಮೂರು ಪಂದ್ಯ ಗೆಲ್ಲಿಸಿ ಸೀಸನ್ ನಡುವೆಯೇ ಎದ್ದುಹೋದ. ಒಂದು ಲಕ್ಷ ಡಾಲರ್ ಕೊಡುತ್ತೇವೆ ಅಂದಿದ್ದರು, ಕೊಡಲಿಲ್ಲ ಅಂತ ಅವನ ಕಡೆಯವರ ದೂರು. ಅಂಥ ಒಪ್ಪಂದವೇ ಇರಲಿಲ್ಲ ಅಂತ ಕಾಲೇಜಿನ ಕಡೆಯವರ ಮಾತು. ಬಾಯಿಮಾತಿನ ವ್ಯವಹಾರ ಎಲ್ಲಿ ಮಾಡಿದರೂ ಹೀಗೇ. ನಿಕೊ ಇಯಮಲಿಯಾವ 2025ರ ಏಪ್ರಿಲ್‌ನಲ್ಲಿ ಹಣದ ಮಾತು ಕುದುರದೆ ಟೆನೆಸಿ ಬಿಟ್ಟು ಲಾಸ್ ಏಂಜಲೀಸ್‌ನ ಯುಸಿಎಲ್‌ಎಗೆ ಹೋದ. ಅಲ್ಲಿ ಗೆದ್ದದ್ದು ಮೂರು, ಸೋತದ್ದು ಒಂಬತ್ತು. ಅವನು ಲೆಕ್ಕ ತಪ್ಪಿದ, ಅಷ್ಟೇ. ಅದನ್ನು ಪಾಪ ಅಂತ ನಾನು ಕರೆಯಲ್ಲ.

ನನಗೆ ಬೇಕಿರುವುದು ಒಪ್ಪಂದ. ಎರಡೂ ಕಡೆ ಕಟ್ಟುವಂಥದ್ದು, ವರ್ಷ ನಮೂದಿಸಿದ್ದು, ಮುರಿದವರು ದಂಡ ಕೊಡುವಂಥದ್ದು. ಸಂಬಳ ಕೊಡದೆ ನಿಷ್ಠೆ ಕೇಳುವ ಕಾಲ ಮುಗಿಯಿತು. ಸಂಬಳ ಕೊಟ್ಟೂ ಆಟಗಾರರನ್ನು ನೌಕರರು ಅಂತ ಒಪ್ಪದ ಈಗಿನ ಸ್ಥಿತಿ ಅತ್ತ ಊರೂ ಅಲ್ಲ, ಇತ್ತ ಕಾಡೂ ಅಲ್ಲ. ಜೊತೆಗೆ ಕ್ಯಾಲೆಂಡರ್ ಸರಿಮಾಡಬೇಕು. 2026ರಲ್ಲಿ ಪೋರ್ಟಲ್ ತೆರೆದದ್ದು ಜನವರಿ 2ರಿಂದ 16. ಸೆಮಿಫೈನಲ್ ನಡೆದದ್ದು ಅದೇ ಎರಡು ವಾರದ ನಡುವೆ. ಮದುವೆ ಮಂಟಪದಲ್ಲೇ ಇನ್ನೊಂದು ಸಂಬಂಧ ನೋಡು ಅಂತ ಹೇಳಿದರೆ ಯಾರನ್ನು ಬೈಯುವುದು? ಇದನ್ನು ನಿಗದಿ ಮಾಡಿದವರು ಇಪ್ಪತ್ತರ ಹುಡುಗರಲ್ಲ.

ಇನ್ನೊಂದು ಮಾತು. ನೀವು ಕರ್ನಾಟಕದ ರಣಜಿ ಅಭಿಮಾನಿಯೂ ಹೌದು ಅಂತ ಬರೆದಿದ್ದೀರಿ. ಕರುಣ್ ನಾಯರ್‌ಗೆ ಇಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋದರು. 2024–25ರಲ್ಲಿ ಫೈನಲ್‌ನಲ್ಲಿ ಶತಕ ಹೊಡೆದು ಆ ತಂಡಕ್ಕೆ ರಣಜಿ ಗೆಲ್ಲಿಸಿದರು, ಮತ್ತೆ ಭಾರತ ತಂಡಕ್ಕೆ ಬಂದರು, ಆಮೇಲೆ ಕರ್ನಾಟಕಕ್ಕೇ ವಾಪಸಾದರು. ಆಗ ನಾವ್ಯಾರೂ ಅವರ ನಿಷ್ಠೆ ಪ್ರಶ್ನಿಸಲಿಲ್ಲ. ಆಯ್ಕೆಗಾರರನ್ನು ಬೈದೆವು.

ಕೊನೆಗೆ ನಿಮ್ಮ ಟಿಕೆಟ್ ಪ್ರಶ್ನೆ. ಬಿಡಬೇಡಿ. ಜೆರೆಮಾಯಾ ಸ್ಮಿತ್ ನಿಮ್ಮಲ್ಲೇ ಇದ್ದಾನೆ. ಚೆಂಡು ಹಿಡಿಯುವ ಅಂಥ ರಿಸೀವರ್ ಆಡುವಾಗ ಮನೆಯಲ್ಲಿ ಕೂತು ನನಗೆ ಪತ್ರ ಬರೆಯುವುದು ದಂಡ. 2026ರ ಸೆಪ್ಟೆಂಬರ್ 12ಕ್ಕೆ ಆಸ್ಟಿನ್‌ನಲ್ಲಿ ಟೆಕ್ಸಾಸ್ ಎದುರು ಪಂದ್ಯವಿದೆ. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್‌ಗೆ ಯಾವ ಕಾಲೇಜು ಬೇಕಾದರೂ ಬಾಗಿಲು ತೆರೆಯುತ್ತಿತ್ತು. ಆದರೂ ಎರಡು ವರ್ಷ ಕ್ವಿನ್ ಯೂವರ್ಸ್ ಹಿಂದೆ ಬೆಂಚ್ ಮೇಲೆ ಕಾದು ತನ್ನ ಸರದಿ ಪಡೆದವನು ಅವನು. ನೀವು ಕೇಳುವ ಥರದ ಹುಡುಗ. ಅಂದಹಾಗೆ, ಆ ಯೂವರ್ಸ್ ಮೊದಲು ಸೇರಿದ್ದು ನಿಮ್ಮ ಓಹಾಯೋ ಸ್ಟೇಟ್‌ಗೆ. ಅವತ್ತು ಯಾರನ್ನು ಹುರಿದುಂಬಿಸುತ್ತೀರಿ ಅಂತ ಪಂದ್ಯ ಮುಗಿದ ಮೇಲೆ ಬರೆಯಿರಿ, ಎರಡು ಪುಟದೊಳಗೆ ಇದ್ದರೆ ಪೂರ್ತಿ ಅಚ್ಚು ಹಾಕುತ್ತೇನೆ.

— ಸಂಪಾದಕ