ನನ್ನ ಸಣ್ಣ ಉದ್ಯಮಕ್ಕೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಆಗಿದೆ. ಮಹಿಳೆಯರ ಶೇ 3ರ ಮೀಸಲಿನಲ್ಲಿ ಸರ್ಕಾರಿ ಆರ್ಡರ್ ಕೊಡಿಸುವ ಏಜೆಂಟರು ದಾವಣಗೆರೆಯಲ್ಲಿ ಇದ್ದಾರೆಯೇ?

ಏಜೆಂಟರನ್ನು ಹುಡುಕಬೇಡಿ. ನನ್ನ ಕಾಗದವನ್ನು ಇನ್ನೊಬ್ಬರ ಕೈಗೆ ಕೊಟ್ಟೇ ನಾನು ಕೆಟ್ಟೆ.

ನಿಟುವಳ್ಳಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಹೊಲಿಗೆ ಯಂತ್ರಗಳಿವೆ. ಥಾನುಗಟ್ಟಲೆ ಬಟ್ಟೆ ತಂದು ಬೆಡ್‌ಶೀಟ್, ದಿಂಬಿನ ಕವರ್ ಹೊಲಿಯುತ್ತೇವೆ. 2022ರಲ್ಲಿ ಉದ್ಯಮ್ ನೋಂದಣಿಗೆಂದು ಸೈಬರ್ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಹುಡುಗ, "ಅಕ್ಕಾ, ನಿಮ್ಮದು ಏನು ಕೆಲಸ?" ಎಂದು ಕೇಳಿದ. "ಬಟ್ಟೆ ವ್ಯಾಪಾರ" ಎಂದೆ. ಸೀರೆ ಮಾರುವವರೂ ಲಂಗ ಹೊಲಿಯುವವರೂ ನಮ್ಮೂರಿನಲ್ಲಿ ಹೇಳುವುದು ಇದನ್ನೇ. ಅವನು ವ್ಯಾಪಾರ ಎಂದೇ ತುಂಬಿದ. ಪ್ರಮಾಣಪತ್ರದಲ್ಲಿ 4641 ಎಂಬ ಸಂಖ್ಯೆ ಬಂತು. ಅದು ಬಟ್ಟೆಯ ಸಗಟು ಮಾರಾಟದ ಸಂಖ್ಯೆ. ಬೆಡ್‌ಶೀಟ್ ತಯಾರಿಕೆ 1392ರಲ್ಲಿ ಬರುತ್ತದೆ. ನಾನು ಹೆಸರು, ವಿಳಾಸ ಮಾತ್ರ ನೋಡಿ, ಲ್ಯಾಮಿನೇಷನ್ ಮಾಡಿಸಿ, ದೇವರ ಪಟದ ಪಕ್ಕದಲ್ಲಿ ಇಟ್ಟೆ.

ಮರುವರ್ಷ ಸರ್ಕಾರಿ ಖರೀದಿಯ ಆನ್‌ಲೈನ್ ತಾಣವಾದ ಜೆಮ್ ಪೋರ್ಟಲ್‌ನಲ್ಲಿ ಕೇಂದ್ರ ಸರ್ಕಾರದ ಆಸ್ಪತ್ರೆಯೊಂದು ಬೆಡ್‌ಶೀಟ್‌ಗೆ ಬಿಡ್ ಕರೆದಿತ್ತು. ಸಣ್ಣ ಉದ್ಯಮವೆಂದು ಇಎಂಡಿ, ಅಂದರೆ ಬಿಡ್ ಜೊತೆ ಕಟ್ಟುವ ಠೇವಣಿಯಿಂದ ವಿನಾಯಿತಿ ಕೇಳಿದೆ. ದರ ತೆರೆಯುವ ಮೊದಲೇ, ತಾಂತ್ರಿಕ ಪರಿಶೀಲನೆಯಲ್ಲಿಯೇ ನನ್ನ ಬಿಡ್ ತಿರಸ್ಕಾರವಾಯಿತು. ವ್ಯಾಪಾರಿಗಳಿಗೆ ಆ ವಿನಾಯಿತಿ ಇಲ್ಲ. 2021ರಲ್ಲಿ ಸಗಟು, ಚಿಲ್ಲರೆ ವ್ಯಾಪಾರಿಗಳನ್ನು ಉದ್ಯಮ್‌ಗೆ ಸೇರಿಸಿಕೊಂಡದ್ದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಾಗಿ. ಸರ್ಕಾರಿ ಖರೀದಿಯ ಸೌಲಭ್ಯ ಅವರಿಗೆ ಸಲ್ಲುವುದಿಲ್ಲ. ಶೆಡ್ಡಿನಲ್ಲಿ ಆರು ಯಂತ್ರ ಓಡುತ್ತಿದ್ದರೂ ಕಾಗದದ ಪ್ರಕಾರ ನಾನು ತಯಾರಕಿಯೇ ಅಲ್ಲ. ಮಾದರಿಗೆಂದು ಅಂಚು ಮಡಚಿ, ಎರಡೆರಡು ಹೊಲಿಗೆ ಹಾಕಿದ್ದ ಬಿಳಿ ಬೆಡ್‌ಶೀಟ್ ಈಗಲೂ ಕಪಾಟಿನಲ್ಲಿದೆ. ಅದನ್ನು ಹಾಸಲು ಮನಸ್ಸು ಬಂದಿಲ್ಲ.

ಆಮೇಲೆ ಉದ್ಯಮ್ ಪೋರ್ಟಲ್‌ನಲ್ಲಿ ವ್ಯಾಪಾರ ಎಂದಿದ್ದುದನ್ನು ತಯಾರಿಕೆ ಎಂದು ನಾನೇ ತಿದ್ದಿದೆ. ತಿದ್ದುಪಡಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬಂದ ಒಟಿಪಿ ಸಾಕಾಯಿತು. ಇದಕ್ಕೆ ಏಜೆಂಟರಿಗೆ ಏಕೆ ಹಣ ಸುರಿಯಬೇಕು?

ಇನ್ನು ಶೇ 3ರ ಮಾತು. ಅದು ನಿಮಗಾಗಿ ಎತ್ತಿಟ್ಟ ಪಾಲು ಎಂದು ತಿಳಿದಿದ್ದೀರಿ. ಹಾಗಲ್ಲ. ಕೇಂದ್ರದ ಇಲಾಖೆಗಳು, ಉದ್ದಿಮೆಗಳು ತಮ್ಮ ವರ್ಷದ ಒಟ್ಟು ಖರೀದಿಯಲ್ಲಿ ಮುಟ್ಟಬೇಕಾದ ಗುರಿ ಅದು. ಕಿರು, ಸಣ್ಣ ಉದ್ಯಮಗಳಿಂದ ಅವು ಕೊಳ್ಳಬೇಕಾದ ಶೇ 25ರೊಳಗೇ ಸೇರಿದೆ. ಆರ್ಡರ್ ಬೇಕಾದರೆ ಎಲ್ಲರಂತೆ ಬಿಡ್ ಹಾಕಬೇಕು. ದೊಡ್ಡ ಕಂಪನಿಯ ಕನಿಷ್ಠ ದರಕ್ಕಿಂತ ನಿಮ್ಮದು ಶೇ 15ರೊಳಗೆ ಹೆಚ್ಚಿದ್ದರೆ, ಆ ದರಕ್ಕೆ ಇಳಿದು ಒಂದು ಭಾಗ ಪೂರೈಸುವ ಅವಕಾಶ ಸಿಗುತ್ತದೆ. ಬಟ್ಟೆ, ಕೂಲಿ, ಸಾಗಣೆಯ ಲೆಕ್ಕ ನಿಮಗಲ್ಲದೆ ಯಾವ ಏಜೆಂಟರಿಗೆ ಗೊತ್ತು?

ಇವತ್ತು ರಾತ್ರಿಯೇ ನಿಮ್ಮ ಪ್ರಮಾಣಪತ್ರ ತೆಗೆದು, ಪ್ರಮುಖ ಚಟುವಟಿಕೆಯ ಸಾಲನ್ನು ಓದಿ. ನೀವೂ ಹೊಲಿಯುವವರಾದರೆ ಅಲ್ಲಿ ತಯಾರಿಕೆ ಎಂದಿರಬೇಕು.