ಯುರೇನಿಯಂ ಮುಗಿಯುತ್ತಾ ಅಂತ ಮತ್ತೆ ಕೇಳಿದ್ದೀರಿ

ಪ್ರಶ್ನೆ: ಸರ್, ಪ್ರಪಂಚದ ಯುರೇನಿಯಂ ಇನ್ನು 90 ವರ್ಷಕ್ಕೆ ಖಾಲಿ ಅಂತ ಓದಿದೆ. ಹಾಗಾದರೆ ಹೊಸ ಅಣು ಸ್ಥಾವರ ಕಟ್ಟಿ ಏನು ಪ್ರಯೋಜನ?

ಉತ್ತರ: ಈ ಪ್ರಶ್ನೆ ತಿಂಗಳಿಗೊಮ್ಮೆ ಬರುತ್ತದೆ. ವರ್ಷದ ಸಂಖ್ಯೆ ಮಾತ್ರ ಬೇರೆ. ಲೆಕ್ಕ ಹುಟ್ಟಿದ್ದು ಹೀಗೆ: ಈಗ ಗುರುತಿಸಿರುವ ಯುರೇನಿಯಂ ಸುಮಾರು 60 ಲಕ್ಷ ಟನ್. ವರ್ಷಕ್ಕೆ ಬೇಕಾಗುವುದು 65 ಸಾವಿರ ಟನ್ ಆಸುಪಾಸು. ಭಾಗಾಕಾರ ಸರಿಯಾಗಿಯೇ ಇದೆ, ಅರ್ಥ ಮಾಡಿಕೊಂಡಿದ್ದು ತಪ್ಪು. ಆ 60 ಲಕ್ಷ ಟನ್ ಅಂದರೆ ಕೆಜಿಗೆ 130 ಡಾಲರ್ ಖರ್ಚಿನೊಳಗೆ ತೆಗೆಯಬಹುದಾದದ್ದು ಅಷ್ಟೇ. ಬೆಲೆ ಏರಿದರೆ ಇವತ್ತು ಯಾರಿಗೂ ಬೇಡವಾದ ಅದಿರೂ ಲೆಕ್ಕಕ್ಕೆ ಬರುತ್ತದೆ. ಅದರಿಂದ ಕರೆಂಟಿನ ದರ ವಿಪರೀತ ಏರುವುದೂ ಇಲ್ಲ. ಅಣು ವಿದ್ಯುತ್ತಿನಲ್ಲಿ ದುಡ್ಡು ಹೋಗುವುದು ಸ್ಥಾವರ ಕಟ್ಟುವುದಕ್ಕೆ, ಯುರೇನಿಯಂಗಲ್ಲ.

ನನ್ನ ಚಿಂತೆಯೇ ಬೇರೆ. ನೆಲದೊಳಗಿನದು ಮೇಲೆ ಬರುವುದು ಯಾವಾಗ, ನಮಗೆ ಮಾರುವವರು ಯಾರು? ಕೆನಡಾದ ಸಿಗಾರ್ ಲೇಕ್ ನಿಕ್ಷೇಪ ಪತ್ತೆಯಾಗಿದ್ದು 1981ರಲ್ಲಿ. ಗಣಿ ತೋಡುತ್ತಿದ್ದಾಗ, 2006ರಲ್ಲಿ, ಒಳಗೆ ನೀರು ನುಗ್ಗಿತು. ಅದಿರು ಹೊರಬಂದಿದ್ದು 2014ರಲ್ಲಿ. 33 ವರ್ಷ! ಅದೂ ಶೇ 15ರ ಆಸುಪಾಸು ಯುರೇನಿಯಂ ಇರುವ ಅದಿರು. ಜಾರ್ಖಂಡಿನಲ್ಲಿರುವ ನಮ್ಮ ಜಾದುಗುಡ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಒಂದು ಕೆಜಿಯೂ ಸಿಗುವುದಿಲ್ಲ. ಜಗತ್ತಿನ ಉತ್ಪಾದನೆಯಲ್ಲಿ ಸುಮಾರು ಶೇ 40 ಕಜಕಸ್ತಾನ ಒಂದರದ್ದೇ.

ಇದರ ಬಿಸಿ ನಮಗೆ ಒಮ್ಮೆ ತಟ್ಟಿದೆ. 2008ರ ಸುಮಾರಿಗೆ ನಮ್ಮ ರಿಯಾಕ್ಟರುಗಳು ಅರ್ಧ ಸಾಮರ್ಥ್ಯದಲ್ಲಿ ಏದುಸಿರು ಬಿಡುತ್ತಿದ್ದವು. ಕಾರಣ ಇಂಧನದ ಕೊರತೆ. ಆ ವರ್ಷ ಪರಮಾಣು ಪೂರೈಕೆದಾರ ದೇಶಗಳ ಕೂಟ, ಭಾರತಕ್ಕೆ ಮಾರಬಾರದೆಂಬ ನಿರ್ಬಂಧದಿಂದ ವಿನಾಯಿತಿ ಕೊಟ್ಟ ಮೇಲೆ ಆಮದು ಶುರುವಾಯಿತು. ಆದರೆ ಹೊರಗಿನ ಯುರೇನಿಯಂ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ರಿಯಾಕ್ಟರುಗಳಿಗೆ ಮಾತ್ರ. ನಮ್ಮ ಕೈಗಾದ ನಾಲ್ಕು ಘಟಕಗಳು ಆ ಪಟ್ಟಿಯಲ್ಲಿಲ್ಲ. ಅವು ನಡೆಯುವುದು ಸ್ವದೇಶಿ ಯುರೇನಿಯಂ ಮೇಲೆ. 2018ರಲ್ಲಿ ಕೈಗಾ ಒಂದನೇ ಘಟಕ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿದ್ದು ಅದೇ ಬಡ ಅದಿರಿನಿಂದ. ಚಪ್ಪಾಳೆ ತಟ್ಟುವಾಗ ಗಣಿಯವರಿಗೂ ಒಂದು ತಟ್ಟಿ.

ಅಣು ವಿದ್ಯುತ್ತಿನಲ್ಲಿ ಈಗ 9 ಸಾವಿರ ಮೆಗಾವಾಟ್ ಹತ್ತಿರ ಇದ್ದೇವೆ. 2047ಕ್ಕೆ ಒಂದು ಲಕ್ಷ ಮೆಗಾವಾಟ್ ಅಂತ ಗುರಿ. ಸ್ಥಾವರಕ್ಕೆ ಅಡಿಗಲ್ಲು ಹಾಕುವ ದಿನವೇ ಇಂಧನದ ದೀರ್ಘ ಒಪ್ಪಂದವೂ ಕೈಯಲ್ಲಿರಲಿ. ಇದನ್ನು ಹೇಳಿದರೆ ನನ್ನನ್ನು ಅಪಶಕುನದವನು ಅನ್ನುತ್ತಾರೆ. ಅನ್ನಲಿ.

ಪ್ರಶ್ನೆ: ನಮ್ಮಲ್ಲಿ ಬೇಕಾದಷ್ಟು ಥೋರಿಯಂ ಇದೆ. ಅದನ್ನು ಬಳಸಲು ಅಮೆರಿಕ ಬಿಡುತ್ತಿಲ್ಲವಂತೆ, ನಿಜವೇ?

ಉತ್ತರ: ವಾಟ್ಸಾಪ್ ಮುಚ್ಚಿ. ಥೋರಿಯಂ ತಾನಾಗಿ ಉರಿಯುವುದಿಲ್ಲ. ಮೊದಲು ಅದನ್ನು ರಿಯಾಕ್ಟರಿನಲ್ಲೇ, ಉರಿಯಬಲ್ಲ ಯುರೇನಿಯಂ-233 ಆಗಿ ಬದಲಿಸಬೇಕು. ತಡೆದಿರುವುದು ಭೌತಶಾಸ್ತ್ರ.

ಪ್ರಶ್ನೆ: ಯುರೇನಿಯಂ ಕಂಪನಿಯ ಷೇರು ಕೊಳ್ಳಲೇ?

ಉತ್ತರ: ಯುರೇನಿಯಂ ಬೆಲೆ 2007ರಲ್ಲಿ ಪೌಂಡಿಗೆ 130 ಡಾಲರ್ ದಾಟಿತ್ತು, 2016ರಲ್ಲಿ 20ಕ್ಕಿಂತ ಕೆಳಗೆ ಬಿತ್ತು. ಮಗಳ ಮದುವೆ ದುಡ್ಡಾದರೆ ಬೇಡ.

ಪ್ರಶ್ನೆ: ವಿಕಿರಣ ತಡೆಯುವ ‘ಕ್ವಾಂಟಮ್’ ಪೆಂಡೆಂಟ್ ಹಾಕಿಕೊಳ್ಳಬಹುದಾ?

ಉತ್ತರ: 2021ರಲ್ಲಿ ನೆದರ್ಲೆಂಡ್ಸಿನ ಅಣು ಸುರಕ್ಷತಾ ಇಲಾಖೆ ಇಂಥ ಹತ್ತು ಸರಕು ಪರೀಕ್ಷಿಸಿ ಎಚ್ಚರಿಕೆ ಕೊಟ್ಟಿತು. ಅವೇ ವಿಕಿರಣ ಸೂಸುತ್ತಿದ್ದವು. ನಿಮ್ಮದನ್ನು ಮೊದಲು ಕುತ್ತಿಗೆಯಿಂದ ತೆಗೆಯಿರಿ.