ಈಗಲ್ ಸ್ಕೌಟ್ ದರ್ಜೆಯನ್ನು ಗೌರವಾರ್ಥವಾಗಿ ಕೊಡುತ್ತಾರೆಯೇ?

ಅಮೆರಿಕದಲ್ಲಿರುವ ನಿಮ್ಮ ಬಂಧುಗಳೊಬ್ಬರು, ತಮ್ಮ ಸಮಾಜಸೇವೆಯನ್ನು ಮೆಚ್ಚಿ ತಮಗೆ ‘ಗೌರವ ಈಗಲ್ ಸ್ಕೌಟ್’ ಪದವಿ ಕೊಟ್ಟಿದ್ದಾರೆಂದು ಹೇಳಿಕೊಂಡಿದ್ದಾರೆ. ಈಗಲ್ ಸ್ಕೌಟ್ ಎಂದರೆ ಅಲ್ಲಿನ ಸ್ಕೌಟ್ ಮಕ್ಕಳು ಗಳಿಸಬಹುದಾದ ಅತ್ಯುನ್ನತ ದರ್ಜೆ. ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಡುವಂತೆ ಸ್ಕೌಟಿಂಗ್‌ನಲ್ಲಿಯೂ ಅಂಥ ಪದ್ಧತಿ ಇದೆಯೇ, ಇದ್ದರೆ ಶ್ರಮಪಟ್ಟು ಗಳಿಸಿದ ಮಕ್ಕಳಿಗೆ ಅನ್ಯಾಯವಾಗುವುದಿಲ್ಲವೇ ಎಂದು ಕೇಳಿದ್ದೀರಿ.

ಅಂಥ ಪದ್ಧತಿ ಇಲ್ಲ. ಈಗಲ್ ಸ್ಕೌಟ್ ದರ್ಜೆಯನ್ನು ಗೌರವಾರ್ಥವಾಗಿ ಯಾರಿಗೂ ಕೊಡುವುದಿಲ್ಲ. ದೇಶದ ಅಧ್ಯಕ್ಷರಿಗೂ ಇಲ್ಲ. ನಾನು ಕರ್ನಾಟಕದಲ್ಲಿ ಹೈಸ್ಕೂಲು ಓದುತ್ತಿದ್ದಾಗ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ರಾಜ್ಯ ಪುರಸ್ಕಾರದವರೆಗೆ ಬಂದವನು. ಈಗ ನ್ಯೂಜೆರ್ಸಿಯ ಒಂದು ಟ್ರೂಪಿನಲ್ಲಿ, ಅಂದರೆ ಸ್ಕೌಟ್ ತಂಡದಲ್ಲಿ, ಸ್ವಯಂಸೇವಕನಾಗಿ ಕೆಲಸ ಮಾಡುತ್ತೇನೆ, ಮಕ್ಕಳ ದರ್ಜೆಯನ್ನು ನಿರ್ಧರಿಸುವ ‘ಬೋರ್ಡ್ ಆಫ್ ರಿವ್ಯೂ’ಗಳಲ್ಲಿ ಆಗಾಗ ಕೂರುತ್ತೇನೆ. ಆದ್ದರಿಂದ ನಿಯಮವನ್ನಷ್ಟೇ ಹೇಳಿ ಬಿಡದೆ, ಅದರ ಹಿಂದಿನ ಕಾರಣವನ್ನೂ ಸ್ವಲ್ಪ ವಿವರಿಸುತ್ತೇನೆ.

ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಎಂದು ನಾವೆಲ್ಲ ಬಲ್ಲ ಸಂಸ್ಥೆಗೆ 2025ರಿಂದ ಸ್ಕೌಟಿಂಗ್ ಅಮೆರಿಕ ಎಂಬ ಹೆಸರಿದೆ. ಅಲ್ಲಿ ಈಗಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ‘ಲೈಫ್ ಸ್ಕೌಟ್’ ಆದ ಬಳಿಕ ಕನಿಷ್ಠ ಆರು ತಿಂಗಳು ಟ್ರೂಪಿನಲ್ಲಿ ಸಕ್ರಿಯವಾಗಿದ್ದು, ಒಂದು ಜವಾಬ್ದಾರಿಯ ಹುದ್ದೆಯನ್ನು ನಿರ್ವಹಿಸಿ, ಒಂದೊಂದು ವಿಷಯವನ್ನು ಕಲಿತು ಗಳಿಸುವ ಮೆರಿಟ್ ಬ್ಯಾಡ್ಜ್‌ಗಳನ್ನು ಒಟ್ಟು 21 ಪಡೆದು, ಶಾಲೆಗೋ ದೇವಸ್ಥಾನಕ್ಕೋ ಊರಿಗೋ ಉಪಯೋಗವಾಗುವ ಒಂದು ಸೇವಾ ಯೋಜನೆಯನ್ನು ತಾನೇ ರೂಪಿಸಿ, ಇತರರ ಮುಂದಾಳಾಗಿ ನಿಂತು ಮುಗಿಸಿದ ಹುಡುಗ ಅಥವಾ ಹುಡುಗಿಗೆ ಈ ದರ್ಜೆ ಸಿಗುತ್ತದೆ. ಬೋರ್ಡ್ ಆಫ್ ರಿವ್ಯೂ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹದಿನೆಂಟು ತುಂಬುವುದರೊಳಗೆ ಮುಗಿದಿರಬೇಕು. 1912ರಲ್ಲಿ ಮೊತ್ತಮೊದಲ ಈಗಲ್ ಸ್ಕೌಟ್ ಆದ ನ್ಯೂಯಾರ್ಕ್ ರಾಜ್ಯದ ಆರ್ಥರ್ ಎಲ್ಡ್ರೆಡ್ ಗಳಿಸಿದ್ದೂ 21 ಬ್ಯಾಡ್ಜ್‌ಗಳನ್ನೇ. ಅವನನ್ನು ಪರೀಕ್ಷಿಸಲು ಸಂಸ್ಥೆಯ ಮುಖ್ಯಸ್ಥರೇ ಆಗಿದ್ದ ಜೇಮ್ಸ್ ವೆಸ್ಟ್ ಮತ್ತು ಅರ್ನೆಸ್ಟ್ ಥಾಂಪ್ಸನ್ ಸೆಟನ್ ಅಂಥವರು ಕೂತಿದ್ದರು. ನಿಗದಿಪಡಿಸಿದ ಷರತ್ತುಗಳಿಗೆ ಇನ್ನೊಂದನ್ನು ಸೇರಿಸುವ ಅಧಿಕಾರವಾಗಲಿ, ಇರುವುದನ್ನು ಕಡಿಮೆ ಮಾಡುವ ಅಧಿಕಾರವಾಗಲಿ ಯಾವ ಟ್ರೂಪಿಗೂ ಯಾವ ಸಮಿತಿಗೂ ಇಲ್ಲವೆಂದು ನಿಯಮಾವಳಿಯಲ್ಲೇ ಬರೆದಿದೆ. ಗೌರವಾರ್ಥ ಈಗಲ್‌ಗೆ ಬಾಗಿಲು ಮುಚ್ಚುವುದು ಇಲ್ಲಿಯೇ: ಒಂದು ಷರತ್ತನ್ನೂ ಬಿಡಲು ಹಕ್ಕಿಲ್ಲದವರು ಎಲ್ಲ ಷರತ್ತುಗಳನ್ನೂ ಬಿಟ್ಟು ದರ್ಜೆ ಕೊಡುವುದು ಹೇಗೆ ಸಾಧ್ಯ?

ಹಾಗೆಂದು ಹಿರಿಯರನ್ನು ಗೌರವಿಸುವ ಸಂಪ್ರದಾಯ ಇಲ್ಲವೆಂದಲ್ಲ. ಧಾರಾಳವಾಗಿಯೇ ಇದೆ, ಆದರೆ ಬೇರೆ ಹೆಸರಿನಲ್ಲಿ. ರಾಷ್ಟ್ರಮಟ್ಟದಲ್ಲಿ ಮಕ್ಕಳಿಗಾಗಿ ಸೇವೆ ಸಲ್ಲಿಸಿದವರಿಗೆ ಕೊಡುವ ‘ಸಿಲ್ವರ್ ಬಫಲೋ’ ಪ್ರಶಸ್ತಿ 1926ರಲ್ಲಿ ಆರಂಭವಾಯಿತು. ಮೊದಲನೆಯದು ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರಿಗೆ ಸಂದಿತು. ಎರಡನೆಯದು ಲಂಡನ್ನಿನ ಮಂಜಿನಲ್ಲಿ ಮುಂದೆ ಅಮೆರಿಕದ ಸಂಸ್ಥೆಯನ್ನು ಸ್ಥಾಪಿಸಿದ ವಿಲಿಯಂ ಬಾಯ್ಸ್ ಅವರಿಗೆ ದಾರಿ ತೋರಿಸಿ, ಕಾಸು ಮುಟ್ಟದೆ ಹೊರಟುಹೋದನೆಂದು ಹೇಳಲಾಗುವ, ಹೆಸರೇ ತಿಳಿಯದ ಬ್ರಿಟಿಷ್ ಸ್ಕೌಟ್‌ಗೆ. ಸ್ಥಳೀಯ ಕೌನ್ಸಿಲ್ ಮಟ್ಟದಲ್ಲಿ ‘ಸಿಲ್ವರ್ ಬೀವರ್’ ಇದೆ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್, ಆರ್ವಿಲ್ ರೈಟ್, ರಿಚರ್ಡ್ ಬರ್ಡ್ ಮೊದಲಾದ ಸಾಹಸಿಗಳಿಗೆ ‘ಗೌರವ ಸ್ಕೌಟ್’ ಎಂಬ ಮನ್ನಣೆಯನ್ನೂ ಕೊಟ್ಟರು. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಹಾರಿ ದಾಟಿದವನಿಗೂ ಕೊಟ್ಟದ್ದು ‘ಗೌರವ ಸ್ಕೌಟ್’ ಎಂಬ ಹೆಸರನ್ನೇ ಹೊರತು ಈಗಲ್ ದರ್ಜೆಯನ್ನಲ್ಲ ಎಂಬುದನ್ನು ಗಮನಿಸಿ. ಅಮೆರಿಕದ ಅಧ್ಯಕ್ಷರು ಸಂಸ್ಥೆಯ ಗೌರವಾಧ್ಯಕ್ಷರಾಗಿರುವುದು ಟಾಫ್ಟ್ ಅವರ ಕಾಲದಿಂದ ನಡೆದುಬಂದ ರೂಢಿ. ಆದರೂ ಬಾಲ್ಯದಲ್ಲಿ ಈಗಲ್‌ಗಿಂತ ಕೆಳಗಿನ ‘ಸ್ಟಾರ್ ಸ್ಕೌಟ್’ ದರ್ಜೆಯವರಾಗಿದ್ದ ಜಾನ್ ಕೆನಡಿ ಶ್ವೇತಭವನಕ್ಕೆ ಹೋದ ಮೇಲೂ ಸ್ಟಾರ್ ಸ್ಕೌಟ್ ಆಗಿಯೇ ಉಳಿದರು. ಜೆರಾಲ್ಡ್ ಫೋರ್ಡ್ ಈಗಲ್ ಸ್ಕೌಟ್ ಎನಿಸಿಕೊಂಡದ್ದು ಹುಡುಗನಾಗಿದ್ದಾಗ ತಾವೇ ಗಳಿಸಿದ್ದರಿಂದ; ನೀಲ್ ಆರ್ಮ್‌ಸ್ಟ್ರಾಂಗ್ ಅವರದ್ದೂ ಅದೇ ಮಾತು. 1969ರಲ್ಲಿ ಶುರುವಾದ ‘ಡಿಸ್ಟಿಂಗ್ವಿಶ್ಡ್ ಈಗಲ್ ಸ್ಕೌಟ್’ ಪ್ರಶಸ್ತಿಯ ಹೆಸರು ಕೇಳಿ ಕೆಲವರು ಗೊಂದಲಕ್ಕೆ ಬೀಳುತ್ತಾರೆ. ಅದಕ್ಕೂ ಕನಿಷ್ಠ 25 ವರ್ಷ ಹಿಂದೆ ಈಗಲ್ ದರ್ಜೆಯನ್ನು ಗಳಿಸಿರಲೇಬೇಕು.

ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಇನ್ನೊಂದು ವ್ಯವಸ್ಥೆ. ಟ್ರೂಪಿನಲ್ಲಿದ್ದ ಮಗು ಅಪಘಾತದಲ್ಲೋ ಕಾಯಿಲೆಯಿಂದಲೋ ತೀರಿಕೊಂಡರೆ, ಅದರ ನೆನಪಿಗಾಗಿ ‘ಸ್ಪಿರಿಟ್ ಆಫ್ ದಿ ಈಗಲ್’ ಎಂಬ ಮರಣೋತ್ತರ ಮನ್ನಣೆಯನ್ನು ಕುಟುಂಬಕ್ಕೆ ಕೊಡುತ್ತಾರೆ. ಇದು ಗೌರವಾರ್ಥವೇ, ಆದರೆ ಇದೂ ದರ್ಜೆಯಲ್ಲ. ಮಗು ಬದುಕಿದ್ದಾಗ ಎಲ್ಲ ಷರತ್ತುಗಳನ್ನೂ ಪೂರೈಸಿದ್ದರೆ ಮಾತ್ರ ಈಗಲ್ ದರ್ಜೆಯೇ ಮರಣೋತ್ತರವಾಗಿ ಸಲ್ಲುತ್ತದೆ. ದುಃಖದಲ್ಲಿರುವ ತಂದೆತಾಯಿಯ ಮುಂದೆಯೂ ಈ ಗೆರೆಯನ್ನು ಅಳಿಸದೆ, ಅವರ ಕೈಗೆ ಬೇರೊಂದು ಪ್ರೀತಿಯ ಗುರುತನ್ನು ಕೊಡುವುದು ಕಠಿಣವೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಅದು ಸರಿಯೆಂದೇ ತೋರುತ್ತದೆ, ಏಕೆಂದರೆ ಆ ಮಗು ನಿಜವಾಗಿ ಎಷ್ಟು ದೂರ ಬಂದಿತ್ತೋ ಅಷ್ಟನ್ನೇ ಅದರ ಹೆಸರಿನ ಮುಂದೆ ಬರೆದಂತಾಗುತ್ತದೆ. ಶಾಶ್ವತ ಅಂಗವೈಕಲ್ಯವಿರುವ ಮಕ್ಕಳಿಗೂ ಹೀಗೆಯೇ: ಹದಿನೆಂಟರ ಮಿತಿಯನ್ನು ಸಡಿಲಿಸಿ, ಅಗತ್ಯವಿದ್ದರೆ ಪರ್ಯಾಯ ಬ್ಯಾಡ್ಜ್‌ಗಳನ್ನು ಒಪ್ಪುತ್ತಾರೆ. ಸಮಯ ಹೆಚ್ಚು ಸಿಗುತ್ತದೆ, ದಾರಿ ಸ್ವಲ್ಪ ಬದಲಾಗುತ್ತದೆ, ಆದರೆ ನಡೆಯಬೇಕಾದವರು ಅವರೇ.

ಗೌರವ ಡಾಕ್ಟರೇಟ್‌ಗೂ ಇದಕ್ಕೂ ಇರುವ ವ್ಯತ್ಯಾಸವೂ ಇಲ್ಲಿಯೇ ಇದೆ. ಅರವತ್ತು ದಾಟಿದ ಕಲಾವಿದರ ಜೀವಮಾನದ ಕೆಲಸವನ್ನು ಪಾಂಡಿತ್ಯಕ್ಕೆ ಸಮನೆಂದು ಒಂದು ವಿಶ್ವವಿದ್ಯಾಲಯ ಭಾವಿಸುವುದಕ್ಕೆ ಅರ್ಥವಿದೆ. ಹದಿನಾರರ ಹುಡುಗನೊಬ್ಬ ತನ್ನ ಆ ವಯಸ್ಸಿನಲ್ಲಿ ಮಾಡಿದ್ದನ್ನು ದಾಖಲಿಸುವ ದರ್ಜೆಗೆ ಹಿರಿಯರ ಯಾವ ಸಾಧನೆಯೂ ಸಮನಾಗಲಾರದು. ಅದು ದೊಡ್ಡದಾಗಿರಬಹುದು, ಆದರೆ ಬೇರೆಯದು.

ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಮಕ್ಕಳಿಗೆ ಅನ್ಯಾಯವಾಗುವ ಮಾತಿಗೆ ಬಂದರೆ, ನನ್ನ ಚಿಂತೆ ಗೌರವ ಪದವಿಗಳ ಬಗ್ಗೆ ಅಲ್ಲ, ಅಪ್ಪ ಅಮ್ಮಂದಿರ ಬಗ್ಗೆ. ನಮ್ಮ ಭಾರತೀಯ ಕುಟುಂಬಗಳಲ್ಲಿ ಕಾಲೇಜು ಅರ್ಜಿಯಲ್ಲಿ ಈಗಲ್ ಎಂದು ಬರೆಯುವ ಆಸೆ ಬಲವಾಗಿದೆ. ಒಮ್ಮೆ ಹಿರಿಯ ನಾಗರಿಕರ ಕೇಂದ್ರವೊಂದಕ್ಕೆ ತರಕಾರಿ ಬೆಳೆಯುವ ಮರದ ತೊಟ್ಟಿಗಳನ್ನು ಮಾಡಿಕೊಡುವ ಯೋಜನೆಗೆ ಹೋಗಿದ್ದೆ. ಡ್ರಿಲ್ ಮೆಷಿನ್ ಹುಡುಗನ ತಂದೆಯ ಕೈಯಲ್ಲಿತ್ತು, ಸೂಚನೆಗಳೂ ಅವರವೇ. ಮಗ ಪಕ್ಕದಲ್ಲಿ ಸ್ಕ್ರೂಗಳ ಡಬ್ಬಿ ಹಿಡಿದು ನಿಂತಿದ್ದ. ನಮ್ಮ ಸ್ಕೌಟ್‌ಮಾಸ್ಟರ್ ಯಾರಿಗೂ ಕೇಳಿಸದಂತೆ ಆ ತಂದೆಯನ್ನು ಕರೆದು, ಬಂದವರ ಹೆಸರು ಮತ್ತು ಗಂಟೆಗಳನ್ನು ಬರೆದುಕೊಳ್ಳುವ ಮೇಜಿನ ಬಳಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ಕೆಲವು ಹಲಗೆಗಳು ಅಳತೆಗಿಂತ ಗಿಡ್ಡವಾಗಿ ಕತ್ತರಿಸಿಹೋಗಿರುವುದು ತಿಳಿಯಿತು. ಹುಡುಗ ಒಮ್ಮೆ ಅಪ್ಪನ ಕಡೆ ನೋಡಿದ, ಆಮೇಲೆ ಎಲ್ಲರ ಕೆಲಸ ನಿಲ್ಲಿಸಿ, ನಕ್ಷೆಯನ್ನು ನೆಲದ ಮೇಲೆ ಹರಡಿ, ಒಂದು ತೊಟ್ಟಿಯನ್ನು ಚಿಕ್ಕದು ಮಾಡಿ ಆ ಹಲಗೆಗಳನ್ನು ಅಲ್ಲಿಗೆ ಹೊಂದಿಸಿದ. ಬೋರ್ಡ್ ಆಫ್ ರಿವ್ಯೂನಲ್ಲಿ ಅಂದುಕೊಂಡಂತೆ ಆಗದ್ದು ಯಾವುದೆಂದು ಕೇಳಿದಾಗ, ಈ ಹಲಗೆಗಳ ವಿಷಯವನ್ನು ಅವನು ಹೇಳಿದ ರೀತಿಯಲ್ಲಿ ಬಾಯಿಪಾಠದ ಒಂದು ವಾಕ್ಯವೂ ಇರಲಿಲ್ಲ. ತಂದೆಯೇ ಡ್ರಿಲ್ ಹಿಡಿದು ಮುಗಿಸಿದ್ದರೆ ಕಾಗದದ ಮೇಲೆ ಅವನೂ ಈಗಲ್ ಆಗುತ್ತಿದ್ದ, ಆದರೆ ಆ ದರ್ಜೆ ಹೆಸರಿಲ್ಲದ ಗೌರವ ಪದವಿಯೇ ಆಗುತ್ತಿತ್ತು. ಮಕ್ಕಳಿಗೆ ಆಗುವ ನಿಜವಾದ ಅನ್ಯಾಯ ಅದು.

ನಮ್ಮ ದೇಶದಲ್ಲೂ ವ್ಯವಸ್ಥೆ ಬೇರೆಯಲ್ಲ. ಪ್ರವೇಶದಿಂದ ಆರಂಭಿಸಿ ಮೂರು ಸೋಪಾನಗಳನ್ನೂ ರಾಜ್ಯ ಪುರಸ್ಕಾರವನ್ನೂ ದಾಟಿದವರೇ ರಾಷ್ಟ್ರಪತಿ ಸ್ಕೌಟ್ ಅಥವಾ ಗೈಡ್ ಆಗುತ್ತಾರೆ. ಹಿರಿಯರ ಅತ್ಯುನ್ನತ ಸೇವೆಗೆ ‘ಸಿಲ್ವರ್ ಎಲಿಫೆಂಟ್’ ಎಂಬ ಪ್ರತ್ಯೇಕ ಪ್ರಶಸ್ತಿ ಇದೆ. ರೈಲ್ವೆಯ ಸ್ಕೌಟ್ಸ್ ಕೋಟಾ ನೇಮಕಾತಿಯಲ್ಲಿ ರಾಷ್ಟ್ರಪತಿ ಪ್ರಮಾಣಪತ್ರಕ್ಕೆ ಬೆಲೆ ಇರುವುದರಿಂದ, ಇಲ್ಲಿ ಗಳಿಸದೆ ಪಡೆದ ಪ್ರಮಾಣಪತ್ರ ಇನ್ನೊಬ್ಬರ ಉದ್ಯೋಗವನ್ನೇ ಕಿತ್ತುಕೊಳ್ಳಬಹುದು.

ನಿಮ್ಮ ಬಂಧುಗಳ ವಿಷಯದಲ್ಲಿ ದುಡುಕಿ ತೀರ್ಮಾನಕ್ಕೆ ಬರಬೇಡಿ. ಅವರಿಗೆ ಸಿಲ್ವರ್ ಬೀವರ್‌ನಂಥ ಪ್ರಶಸ್ತಿ ಬಂದಿರಬಹುದು, ಅಥವಾ ಯಾವುದಾದರೂ ಟ್ರೂಪು ಪ್ರೀತಿಯಿಂದ ಒಂದು ಫಲಕ ಕೊಟ್ಟು ಹಾಗೆ ಬರೆದಿರಬಹುದು. ಫಲಕದಲ್ಲಿ ಅಥವಾ ಪತ್ರದಲ್ಲಿ ಪ್ರಶಸ್ತಿಯ ಹೆಸರು ಏನೆಂದಿದೆ ಎಂದು ವಿಚಾರಿಸಿ, ಆ ಹೆಸರಿನಲ್ಲೇ ಹೇಳಿಕೊಳ್ಳುವಂತೆ ತಿಳಿಸಿದರೆ ಸಾಕು. ಒಂದು ವೇಳೆ ಅವರು ಅಲ್ಲಿಯೇ ಬೆಳೆದು, ಹದಿನೆಂಟರೊಳಗೆ ಎಲ್ಲವನ್ನೂ ಪೂರೈಸಿಯೂ ಯಾವುದೋ ಕಾರಣದಿಂದ ಬೋರ್ಡ್ ಆಫ್ ರಿವ್ಯೂ ತಪ್ಪಿಹೋಗಿದ್ದರೆ, ದಾಖಲೆಗಳ ಸಮೇತ ತಡವಾಗಿ ಮನವಿ ಸಲ್ಲಿಸುವ ಅವಕಾಶವನ್ನು ಸಂಸ್ಥೆ ಇಟ್ಟಿದೆ. ಹಳೆಯ ಬ್ಯಾಡ್ಜ್ ಕಾರ್ಡುಗಳು ಮತ್ತು ಯೋಜನೆಯ ಕಾಗದಪತ್ರಗಳು ಮನೆಯಲ್ಲಿ ಉಳಿದಿವೆಯೇ ಎಂದು ಮೊದಲು ಹುಡುಕಿಸಿ, ಆಮೇಲೆ ಸ್ಥಳೀಯ ಕೌನ್ಸಿಲ್ ಕಚೇರಿಯನ್ನು ಸಂಪರ್ಕಿಸಲು ಹೇಳಿ.